ಬಾಳವ್ವನ ಕೌದಿಯ ಹಸಿರು ಮೂಲಿ

ಕೂಡ್ರಿ, ಕೂಡ್ರಿ. ಅಳೋರು ಮುಂದ ಕೂಡ್ರಿ, ನಗೋರು ಹಿಂದ ಕೂಡ್ರಿ. ನಡುವ ಎದ್ದು ಹೋಗೋರು ಈಗಲೇ ಹೋಗ್ರಿ. ಇದೇನು ಸಿಹಿ ಕತಿ ಅಲ್ಲ, ಮೊದಲೇ ಹೇಳತೀನಿ.

ಒಂದು ಊರಾಗ ಬಾಳವ್ವ ಅಂತ ಒಬ್ಬ ಸಣ್ಣ ಹುಡುಗಿ ಇದ್ದಳು. ಆಕಿಗೆ ಒಬ್ಬಾಕಿ ಆಯಿ ಇದ್ದಳು, ಅಂದರ ಅವ್ವನ ಅವ್ವ. ಅವ್ವ ಮಾತ್ರ ಇರಲಿಲ್ಲ. ಅವ್ವ ಎಲ್ಲಿ ಅಂತ ಕೇಳಿದರ, ಊರಿಗೆ ಹೋಗ್ಯಾಳ, ಬರತಾಳ ಅಂತ ಆಯಿ ಹೇಳತಿದ್ದಳು. ದಿನಾ ಕೇಳಿದರ ದಿನಾ ಹೇಳತಿದ್ದಳು. ಯಾವ ಊರು ಅಂತ ಕೇಳಿದರ ಒಲಿ ಊದಾಕ ಹೋಗತಿದ್ದಳು.

ಆಯಿ ಅವ್ವನ ಸೀರಿ ಎಲ್ಲಾ ಹರಿದು ಹೊದಿಯಾಕ ಒಂದು ಕೌದಿ ಹೊಲಿದಳು. ಕೆಂಪು ಚೂರು, ಹಳದಿ ಚೂರು, ಕಡೀ ಮೂಲ್ಯಾಗ ಒಂದು ಹಸಿರು ಚೂರು. ಹಸಿರು ಚೂರು ಅವ್ವನ ಸೆರಗು. ಅದನ್ನ ಕೈಯಾಗ ಹಿಡಕೊಂಡರ ಸಾಕು, ಬಾಳವ್ವಗ ನಿದ್ದಿ ಬರತಿತ್ತು.

ಆ ಊರಾಗ ಒಂದು ಪದ್ಧತಿ ಐತಿ. ಕೌದಿಯ ಕಡೀ ಮೂಲಿ ಹೊಲಿಯೂ ಮುಂದ ಒಂದು ಚಿಟಿಕಿ ರೊಟ್ಟಿ ಒಳಗ ಇಡತಾರ. ಕೌದಿ ಹಸಿದಿರಬಾರದಂತ. ಒಂದು ಚಿಟಿಕಿ ಇಡು ಅಂತ ಆಯಿ ಬಾಳವ್ವಗ ಹೇಳಿದಳು. ಬಾಳವ್ವ ಇಡೀ ಒಂದು ಹೋಳಿಗಿ ಮಡಚಿ ತುರುಕಿದಳು. ಅವ್ವನ ಸೀರಿ ಅಲ್ಲೇನು ಅದು? ಅವ್ವ ಒಂದು ಚಿಟಿಕಿ ತಿಂದು ಇರತಾಳೇನು? ಆಯಿಗೆ ಕಣ್ಣು ಮಂಜು. ನೋಡದ ಹೊಲಿದುಬಿಟ್ಟಳು.

ಹೋಳಿಗಿ ವಾಸನಿ ಬಡದ ಮ್ಯಾಲ ಇಲಿ ಸುಮ್ಮನ ಕುಂತೀತೇನು? ಬಂತು. ಕರಕರ ಕಡೀತು. ಹೋಳಿಗಿ ತಿಂತು. ಹಸಿರು ಮೂಲಿ ಎಳಕೊಂಡು ಬಿಲದಾಗ ಹೋತು. ಮೂಲಿ ಹೋತು, ಬಾಳವ್ವನ ನಿದ್ದಿ ಹೋತು.

ಬಾಳವ್ವ ಬಿಲದ ಮುಂದ ಕುಂತಳು. ಇಲಿಯಕ್ಕ, ನನ್ನ ಮೂಲಿ ಕೊಡು ಅಂದಳು. ಇಲಿ ಕೊಡೂದಿಲ್ಲ ಅಂತು. ನನ್ನ ಮರಿಗಳ ಮೈಮ್ಯಾಲ ಇನ್ನೂ ಕೂದಲಿಲ್ಲ, ನಿನ್ನ ಅವ್ವನ ಸೆರಗಿನಾಗ ಬೆಚ್ಚಗ ಮಲಗ್ಯಾವ. ಹತ್ತಿ ತಾ, ಮೂಲಿ ಒಯ್ಯಿ ಅಂತು.

ಇಲಿ ಮೂಲಿ ಕೊಡೂದಿಲ್ಲ. ಬಾಳವ್ವಗ ನಿದ್ದಿಯಿಲ್ಲ.

ಬಾಳವ್ವ ಪಿಂಜಾರ ಇಮಾಮಜ್ಜನ ಮನಿಗೆ ಹೋದಳು. ಅಜ್ಜ ಬಿಲ್ಲು ಹಿಡಿದು ಹತ್ತಿ ಹಿಂಜತಿದ್ದ. ಮನಿ ತುಂಬ ಹತ್ತಿ, ಮೀಸಿ ಮ್ಯಾಲೂ ಹತ್ತಿ. ಅಜ್ಜ, ಇಲಿ ಮೂಲಿ ಕೊಡೂದಿಲ್ಲ, ನನಗ ನಿದ್ದಿಯಿಲ್ಲ, ಒಂದು ಹಿಡಿ ಹತ್ತಿ ಕೊಡು ಅಂದಳು. ಅಜ್ಜ ಕೊಡೂದಿಲ್ಲ ಅಂದ. ಊರ ಮಂದಿಗೆಲ್ಲಾ ಅಂಗಡಿ ಗಾದಿ ಬೇಕು. ನನ್ನ ಬಾಗಲಕ್ಕ ಬಂದಾಕಿ ನೀ ಒಬ್ಬಾಕಿ, ನೀನೂ ಪುಕ್ಕಟಿ ಕೇಳತಿ. ಹತ್ತಿ ಧೂಳು ನುಂಗಿ ಗಂಟಲ ಒಣಗೇತಿ, ಕೆಮ್ಮು ಹತ್ತೇತಿ. ಹಾಲು ತಾ, ಹತ್ತಿ ಒಯ್ಯಿ ಅಂದ.

ಅಜ್ಜ ಹತ್ತಿ ಕೊಡೂದಿಲ್ಲ. ಇಲಿ ಮೂಲಿ ಕೊಡೂದಿಲ್ಲ. ಬಾಳವ್ವಗ ನಿದ್ದಿಯಿಲ್ಲ.

ಬಾಳವ್ವ ಆಡಿನ ಹಂತೇಲಿ ಹೋದಳು. ಆಡೇ, ಅಜ್ಜ ಹತ್ತಿ ಕೊಡೂದಿಲ್ಲ, ಇಲಿ ಮೂಲಿ ಕೊಡೂದಿಲ್ಲ, ನನಗ ನಿದ್ದಿಯಿಲ್ಲ, ಒಂದೀಟು ಹಾಲು ಕೊಡು ಅಂದಳು. ಆಡು ಕೊಡೂದಿಲ್ಲ ಅಂತು. ನನ್ನ ಮರಿ ಸಂತಿಗೆ ಒಯ್ದರು. ಒಯ್ಯಲೇನು ಅಂತ ಯಾರಾದರೂ ನನ್ನ ಕೇಳಿದರೇನು? ಹಾಲು ಮಾತ್ರ ಕೇಳಾಕ ಬರತೀರಿ. ಹೊಟ್ಟಿಗೆ ಜಾಲಿಕಾಯಿ ತಾ, ಹಾಲು ಒಯ್ಯಿ ಅಂತು.

ಆಡು ಹಾಲು ಕೊಡೂದಿಲ್ಲ. ಅಜ್ಜ ಹತ್ತಿ ಕೊಡೂದಿಲ್ಲ. ಇಲಿ ಮೂಲಿ ಕೊಡೂದಿಲ್ಲ. ಬಾಳವ್ವಗ ನಿದ್ದಿಯಿಲ್ಲ.

ಬಾಳವ್ವ ಜಾಲಿಗಿಡದ ಕೆಳಗ ಹೋದಳು. ಗಿಡವೇ, ಆಡು ಹಾಲು ಕೊಡೂದಿಲ್ಲ, ಅಜ್ಜ ಹತ್ತಿ ಕೊಡೂದಿಲ್ಲ, ಇಲಿ ಮೂಲಿ ಕೊಡೂದಿಲ್ಲ, ನನಗ ನಿದ್ದಿಯಿಲ್ಲ, ನಾಕು ಕಾಯಿ ಉದುರಿಸು ಅಂದಳು. ಗಿಡ ಉದುರಿಸೂದಿಲ್ಲ ಅಂತು. ಬೇಲಿ ಬೇಕಾದಾಗ ನನ್ನ ಕಡೀತೀರಿ. ಮುಳ್ಳು ಚುಚ್ಚಿದಾಗ ನನ್ನ ಬೈತೀರಿ. ನನ್ನ ಬುಡಕ್ಕ ಒಂದು ಗಡಿಗಿ ನೀರು ಹಾಕಿದವರು ಯಾರು? ನೀರು ತಾ, ಕಾಯಿ ಒಯ್ಯಿ ಅಂತು.

ಗಿಡ ಕಾಯಿ ಕೊಡೂದಿಲ್ಲ. ಆಡು ಹಾಲು ಕೊಡೂದಿಲ್ಲ. ಅಜ್ಜ ಹತ್ತಿ ಕೊಡೂದಿಲ್ಲ. ಇಲಿ ಮೂಲಿ ಕೊಡೂದಿಲ್ಲ. ಬಾಳವ್ವಗ ನಿದ್ದಿಯಿಲ್ಲ.

ಬಾಳವ್ವ ಹಳೇ ಬಾವಿಗೆ ಹೋದಳು. ಮನಿಮನಿಗೆ ನಳ ಬಂದ ಮ್ಯಾಲ ಆ ಬಾವಿ ಕಡೆ ಯಾರೂ ಹೊಳ್ಳಿ ನೋಡಿರಲಿಲ್ಲ. ಕಟ್ಟಿ ಮ್ಯಾಲ ಒಂದು ಗಡಿಗಿ ಬಿದ್ದಿತ್ತು. ನೀರು ಎಲ್ಲೋ ಆಳದಾಗಿತ್ತು. ಬಾಳವ್ವ ಬಗ್ಗಿದಳು. ಬಾವೀ, ಗಿಡ ಕಾಯಿ ಕೊಡೂದಿಲ್ಲ, ಆಡು ಹಾಲು ಕೊಡೂದಿಲ್ಲ, ಅಜ್ಜ ಹತ್ತಿ ಕೊಡೂದಿಲ್ಲ, ಇಲಿ ಮೂಲಿ ಕೊಡೂದಿಲ್ಲ, ನನಗ ನಿದ್ದಿಯಿಲ್ಲ, ಒಂದು ಗಡಿಗಿ ನೀರು ಕೊಡು ಅಂದಳು.

ಬಾವಿ ಕೊಡೂದಿಲ್ಲ ಅನ್ನಲಿಲ್ಲ. ಕೊಡತೀನಿ ಅಂತಲೂ ಅನ್ನಲಿಲ್ಲ. ಮೊದಲೆಲ್ಲಾ ಹೆಂಗಸರು ದಿನಾ ಬರತಿದ್ದರು ಅಂತು. ಮನ್ಯಾಗ ಯಾರ ಮುಂದೂ ಹೇಳಲಾರದ ಮಾತು ನನ್ನ ಮುಂದ ಹೇಳತಿದ್ದರು. ಈಗ ಯಾರೂ ಏನೂ ಹೇಳೂದಿಲ್ಲ. ಅಂಥಾದ್ದು ಒಂದು ಮಾತು ಹೇಳು, ನೀರು ಒಯ್ಯಿ ಅಂತು.

ಬಾಳವ್ವ ವಿಚಾರ ಮಾಡಿದಳು. ಬೆಲ್ಲ ಕದ್ದು ತಿಂದೀನಿ ಅಂದಳು. ನೀರು ಏರಲಿಲ್ಲ. ಕೌದ್ಯಾಗ ಹೋಳಿಗಿ ಇಟ್ಟಾಕಿ ನಾನು ಅಂದಳು. ನೀರು ಏರಲಿಲ್ಲ. ಬಾಳವ್ವ ಕಟ್ಟಿ ಹಿಡಕೊಂಡು ಇನ್ನಷ್ಟು ಬಗ್ಗಿದಳು. ಬಹಳ ದಿನದಿಂದ ಒಳಗ ಇಟ್ಟುಕೊಂಡಿದ್ದ ಮಾತು ಒಂದಿತ್ತು.

"ನಮ್ಮವ್ವ ಊರಿಗೆ ಹೋಗಿಲ್ಲ" ಅಂದಳು. "ನಮ್ಮವ್ವ ಸತ್ತಾಳ. ನನಗ ಗೊತ್ತೈತಿ."

ಬಾವಿ ಸಮಾಧಾನ ಮಾಡಲಿಲ್ಲ. ಅಳಬ್ಯಾಡ ಅನ್ನಲೂ ಇಲ್ಲ. ಸಮಾಧಾನ ಮಾಡೂದು ಬಾವಿ ಕೆಲಸ ಅಲ್ಲ. ನೀರು ಏರಿತು, ಏರಿತು, ಬಾಳವ್ವನ ಕೈಗೆ ಮುಟ್ಟಿತು. ಆಕಿ ಮೂಗು ಒರಸಿಕೊಂಡು ಗಡಿಗಿ ತುಂಬಿಕೊಂಡಳು.

ಬಾವಿ ನೀರು ಕೊಟ್ಟಿತು. ನೀರು ಗಿಡಕ್ಕ ಹಾಕಿದಳು. ಗಿಡ ಕಾಯಿ ಕೊಟ್ಟಿತು, ಒಂದು ಮುಳ್ಳೂ ಚುಚ್ಚಿತು. ಕಾಯಿ ಆಡಿಗೆ ಹಾಕಿದಳು. ಆಡು ಹಾಲು ಕೊಟ್ಟಿತು. ಆಡಿನ ಮರಿ ಮಾತ್ರ ಸಂತಿಯಿಂದ ಬರಲಿಲ್ಲ. ಹಾಲು ಅಜ್ಜಗ ಒಯ್ದಳು. ಅಜ್ಜ ಹತ್ತಿ ಕೊಟ್ಟ. ಅವನ ಕೆಮ್ಮು ನಿಲ್ಲಲಿಲ್ಲ. ಹತ್ತಿ ಇಲಿಗೆ ಒಯ್ದಳು. ಇಲಿ ಮರಿಗಳನ್ನ ಒಂದೊಂದಾಗಿ ಹತ್ತಿ ಮ್ಯಾಲ ಇಟ್ಟಿತು, ಆಮ್ಯಾಲ ಮೂಲಿ ಕೊಟ್ಟಿತು.

ಬಾವಿ ನೀರು ಕೊಟ್ಟಿತು. ಗಿಡ ಕಾಯಿ ಕೊಟ್ಟಿತು. ಆಡು ಹಾಲು ಕೊಟ್ಟಿತು. ಅಜ್ಜ ಹತ್ತಿ ಕೊಟ್ಟ. ಇಲಿ ಮೂಲಿ ಕೊಟ್ಟಿತು.

ಹೊತ್ತು ಮುಣುಗಿತ್ತು. ಆಯಿ ಹೊಸ್ತಿಲ ಮ್ಯಾಲ ಕುಂತು ಮೂಲಿ ಹೊಲಿದಳು. ಅವತ್ತು ಬಾಳವ್ವ ಏನೂ ಕೇಳಲಿಲ್ಲ. ಆದರೂ ಆಯಿ ರೂಢಿ ಪ್ರಕಾರ ಹೇಳಿದಳು, ಅವ್ವ ಊರಿಗೆ ಹೋಗ್ಯಾಳ, ಬರತಾಳ ಅಂತ.

"ಬರೂದಿಲ್ಲ ಆಯಿ" ಅಂದಳು ಬಾಳವ್ವ.

ಆಯಿಯ ಸೂಜಿ ನಿಂತಿತು. ಬೈತಾಳೇನೋ ಅಂತ ಬಾಳವ್ವಗ ಅಂಜಿಕಿ ಆತು. ಆಯಿ ಬೈಲಿಲ್ಲ. ಆಕಿ ಮಾರಿ ಸಣ್ಣ ಹುಡುಗೀದರಂಗ ಆತು.

"ಹೌದವಾ" ಅಂದಳು. "ನನ್ನ ಮಗಳು ಬರೂದಿಲ್ಲ. ನನಗೂ ನಿದ್ದಿ ಬರೂದಿಲ್ಲ."

ಬಾಳವ್ವ ಕೌದಿ ಎತ್ತಿ ಹಿಡಿದಳು. ಕೌದಿ ಒಳಗ ಬಾ ಅಂದಳು. ಆಯಿ ಬಂದಳು. ಹಸಿರು ಮೂಲಿ ಸಣ್ಣದು, ಎರಡು ಕೈ ಹಿಡಿಸೂವಷ್ಟು ಇರಲಿಲ್ಲ. ಒಂದರ ಮ್ಯಾಲ ಒಂದು ಕೈ ಇಟ್ಟರು. ಅತ್ತರು. ಸಾಕಾಗೂ ತನಕ ಅತ್ತರು.

ಅವ್ವ ಬರಲಿಲ್ಲ. ನಿದ್ದಿ ಬಂತು.