ಮೊದಲ ಎರಡು ಎಲೆ

"ಗುರುಗಳೇ, ಬೆಳೆಯುವ ಸಿರಿ ಮೊಳಕೆಯಲ್ಲೇ ಎನ್ನುತ್ತಾರೆ. ನನ್ನ ಹೆಂಡತಿ ಬಾಣಂತಿಯಾಗಿದ್ದಾಗಲೇ ತೀರಿಕೊಂಡಳು. ಮಗಳಲ್ಲಿ ಅವಳ ಒಂದು ಗುರುತೂ ಇಲ್ಲ. ಆ ಕಣ್ಣಲ್ಲ, ಆ ನಗುವಲ್ಲ. ಮಗುವಿನ ಮೇಲೆ ನನಗೆ ಮನಸ್ಸೇ ಬರುತ್ತಿಲ್ಲ. ಅದನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ನಾನು ಮಠದಲ್ಲೇ ಉಳಿದುಬಿಡಲೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು: "ಆ ಗಾದೆ ಕಟ್ಟಿದವನು ಎಲ್ಲ ಮೊಳಕೆಗಳನ್ನೂ ನೋಡಿರಲಿಲ್ಲ. ಕತೆ ಕೇಳು.

"ಒಬ್ಬ ನೇಕಾರನಿದ್ದ. ಅವನ ಹೆಂಡತಿ ಪ್ರತಿ ವರ್ಷ ಕಿಟಕಿಯ ಹೊರಗೆ ನೀಲಿ ಹೂವಿನ ಬಳ್ಳಿ ಹಬ್ಬಿಸುತ್ತಿದ್ದಳು. ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುವ ಹೂವು. ಮಗ್ಗದಲ್ಲಿ ಉಳಿದ ತುಂಡು ನೂಲನ್ನು ಹೊಸೆದು ಸೂರಿಗೆ ಕಟ್ಟುತ್ತಿದ್ದಳು. ಬಳ್ಳಿ ಅದನ್ನೇ ಸುತ್ತಿಕೊಂಡು ಏರುತ್ತಿತ್ತು. ನೇಕಾರ ಕೂರುತ್ತಿದ್ದದ್ದು ಗುಂಡಿಮಗ್ಗದಲ್ಲಿ; ಕಾಲು ನೆಲದೊಳಗೆ, ಕಣ್ಣು ನೂಲಿನ ಮೇಲೆ. ಬಳ್ಳಿ ಕಿಟಕಿಯೆತ್ತರಕ್ಕೆ ಬಂದ ಮೇಲಷ್ಟೇ ಅವನಿಗೆ ಕಾಣುತ್ತಿತ್ತು. ವೀಳ್ಯದೆಲೆಯಂಥ ಎಲೆ, ನೀಲಿ ಹೂವು. ಅವನು ಬಲ್ಲದ್ದು ಅಷ್ಟೇ.

"ಹೆಂಡತಿ ತೀರಿಕೊಂಡಳು. ಅವಳು ಚಿಂದಿಯಲ್ಲಿ ಗಂಟುಕಟ್ಟಿಟ್ಟ ಒಂಬತ್ತು ಬೀಜ ಉಳಿದಿದ್ದವು. ಅವಳು ಹೇಳುತ್ತಿದ್ದಂತೆಯೇ ನೇಕಾರ ಅವನ್ನು ಕಲ್ಲಿಗೆ ತುಸು ಉಜ್ಜಿದ, ಒಂದು ರಾತ್ರಿ ನೀರಲ್ಲಿ ನೆನೆಸಿದ, ಕಿಟಕಿಯ ಕೆಳಗೆ ಊರಿದ. ನೂಲನ್ನೂ ಕಟ್ಟಿದ. ಮಗ್ಗ ಬಿಟ್ಟು ದಿನವೂ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಕಾದ.

"ದಿನಕ್ಕೊಂದೆರಡು ಮೊಳಕೆ ಬಂದವು. ಎಲೆ ವೀಳ್ಯದೆಲೆಯ ಹಾಗಿರಲಿಲ್ಲ. ಆಡಿನ ಗೊರಸಿನಂತೆ ಎರಡಾಗಿ ಸೀಳಿತ್ತು. ಕಳೆ ಎಂದು ಕಿತ್ತ. ಮರುದಿನ ಬಂದದ್ದನ್ನೂ ಕಿತ್ತ. ಅವಳ ಬಳ್ಳಿಗೆ ಜಾಗ ಬೇಕಲ್ಲ! ಪಾಪ, ಬೇರು ಸಹಿತ ಕೀಳುತ್ತಿದ್ದ.

"ಒಂದು ಬೆಳಗ್ಗೆ ಪಕ್ಕದ ಮನೆಯ ಮುದುಕಿ ಕೇಳಿದಳು: 'ಏನಪ್ಪಾ, ಈ ಸಲ ನಿಮ್ಮ ಮನೆ ಬಳ್ಳಿ ಕಾಣಲಿಲ್ಲ?'

"'ಹುಟ್ಟಲೇ ಇಲ್ಲ ಅಜ್ಜಿ. ಬರೀ ಕಳೆ' ಎಂದು ಅವನು ಆಗಷ್ಟೇ ಕಿತ್ತದ್ದನ್ನು ತೋರಿಸಿದ.

"'ಅಯ್ಯೋ, ಇದೇ ಕಣೋ ಆ ಬಳ್ಳಿ! ಮೊದಲಿನ ಎರಡೆಲೆ ಹೀಗೇ ಸೀಳಿರ್ತವೆ. ತಾಯಿಯಂಥ ಎಲೆ ಆಮೇಲೆ ಬರೋದು.'

"ಅದು ಒಂಬತ್ತನೆಯದು. ನೇಕಾರ ಅದನ್ನು ಮತ್ತೆ ಮಣ್ಣಿಗಿಟ್ಟು ಬೊಗಸೆಯಲ್ಲಿ ನೀರೆರೆದ. ಹೆಗಲ ಮೇಲಿನ ವಸ್ತ್ರವನ್ನು ನೆರಳಿಗೆ ಕಟ್ಟಿದ. ಸಂಜೆಗೆ ಅದು ಬಾಡಿತು. ಅವನು ಮಗ್ಗದ ಗುಂಡಿಗಿಳಿದು ಬಿಕ್ಕಿ ಬಿಕ್ಕಿ ಅತ್ತ. ಕಿಟಕಿಯಲ್ಲಿ ಬರೀ ನೂಲು ತೂಗುತ್ತಿತ್ತು."

ಶಿಷ್ಯನ ಕಣ್ಣು ತುಂಬಿತ್ತು. "ಅವನಿಗೆ ಗೊತ್ತಿರಲಿಲ್ಲವಲ್ಲ ಗುರುಗಳೇ! ಇನ್ನು ನಾಲ್ಕು ದಿನ ಕಾದಿದ್ದರೆ ಸಾಕಿತ್ತು" ಎಂದ.

ಗುರುಗಳು ಅವನ ಮುಖ ನೋಡಿ ಕೇಳಿದರು: "ನಿನ್ನ ಮಗಳಿಗೆ ಹಾಲುಹಲ್ಲಾದರೂ ಮೂಡಿದೆಯೇನಪ್ಪಾ?"