ಬರಿದಾಗದ ಡ್ರಮ್ಮು

ತುಂಗಭದ್ರೆಯ ದಂಡೆಯ ಆಶ್ರಮದಲ್ಲಿ ನಿರ್ವಾಣವ್ವ ಪಾಠ ಹೇಳುತ್ತಿದ್ದರು. ಶಿಷ್ಯ ಕೊಟ್ರೇಶ ಉಗ್ರಾಣ ನೋಡಿಕೊಳ್ಳುತ್ತಿದ್ದ.

“ಬೇಳೆಗೆ ಹುಳ ಬೀಳದ ಹಾಗೆ ಇಟ್ಟು ತೋರಿಸು. ಆಮೇಲೆ ಪಾಠಕ್ಕೆ ಬಂದು ಕೂರು” ಎಂದಿದ್ದರು ಅವ್ವ.

ಅವನಾದ ಮೇಲೆ ಆಶ್ರಮಕ್ಕೆ ಬಂದವರೆಲ್ಲ ಪಾಠಕ್ಕೆ ಕೂತಾಗಿತ್ತು. ಅವನು ಮಾತ್ರ ಇನ್ನೂ ಹುಳ ಆರಿಸುತ್ತಿದ್ದ.

ನೆಲದ ತಂಪು ತಾಗುತ್ತದೆಂದು ಬೇಳೆಯ ಡ್ರಮ್ಮನ್ನು ಹಲಗೆಯ ಮೇಲೇರಿಸಿದ. ಹುಳ ಬಿತ್ತು. ಗೋಡೆಯಿಂದ ಮೊಳ ದೂರ ಸರಿಸಿದ. ಹುಳ ಬಿತ್ತು. ಕಿಟಕಿಗೆ ಜಾಲರಿ ಹೊಡೆದು, ಡ್ರಮ್ಮಿಗೆ ಬೇವಿನ ಸೊಪ್ಪು ಹಾಕಿದ. ಹುಳಕ್ಕೆ ಬೇವೂ ರುಚಿಸಿತೇನೋ.

ತಲೆಕೆಟ್ಟು ಅವ್ವನ ಮುಂದೆ ಹೋಗಿ ನಿಂತ.

“ಅವ್ವಾ, ಈ ಡ್ರಮ್ಮೇ ಸರಿಯಿಲ್ಲ. ಇನ್ನೂ ಆಳದ್ದು ಬೇಕು. ಮುಚ್ಚಳ ಬಿಗಿಯಾಗಿರಬೇಕು.”

“ಉಗ್ರಾಣಾನೇ ಬೇರೆ ಊರಿಗೆ ಸಾಗಿಸೋಣವಾ?”

“ತಮಾಷೆ ಮಾಡಬೇಡಿ. ನನಗೆ ಸಾಕಾಗಿ ಹೋಗಿದೆ.”

“ನನಗೂ ಸಾಕಾಗಿದೆ. ಆ ಸಾರು ಉಣ್ಣೋಳು ನಾನಲ್ಲವಾ?”

ಅವ್ವ ಎದ್ದು ಉಗ್ರಾಣಕ್ಕೆ ಬಂದರು.

“ಹೇಗೆ ತುಂಬ್ತೀಯ?”

“ಸ್ವಲ್ಪ ತಗ್ಗಿದ ಕೂಡಲೇ ಹೊಸ ಬೇಳೆ ಸುರೀತೀನಿ.”

“ತೆಗೆಯೋದು?”

“ಮೇಲಿಂದ. ಇನ್ನೆಲ್ಲಿಂದ ತೆಗೀಲಿ?”

“ತಳ ಕಾಣೋವರೆಗೂ ಯಾಕೆ ಬಿಡೋದಿಲ್ಲ?”

ಕೊಟ್ರೇಶನಿಗೆ ಸಿಟ್ಟೇ ಬಂತು.

“ಬಿಟ್ಟರೆ ಅನ್ನಪೂರ್ಣೆ ಉಳೀತಾಳಾ? ಕಾಳಿನ ಡಬ್ಬಿ ಬರಿದಾಗಬಾರದು ಅಂತ ನನ್ನ ಹೆತ್ತವ್ವ ಹೇಳಿಕೊಟ್ಟಿದ್ದಾಳೆ. ನಾನು ಬಂದಾಗಿನಿಂದ ಇದು ಒಮ್ಮೆಯೂ ಬರಿದಾಗಿಲ್ಲ. ಬೇಕಾದರೆ ಯಾರನ್ನಾದರೂ ಕೇಳಿ.”

ಅವ್ವ ಯಾರನ್ನೂ ಕೇಳಲಿಲ್ಲ. ಚಾಪೆ ಹಾಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಡ್ರಮ್ಮನ್ನು ಬಗ್ಗಿಸಿಯೇಬಿಟ್ಟರು.

ಮೊದಲು ಹಳದಿ ಬೇಳೆ ಬಿತ್ತು. ಆಮೇಲೆ ಬಣ್ಣಗೆಟ್ಟದ್ದು. ಕಡೆಗೆ ಹಿಟ್ಟು, ಬಲೆ, ದಿಕ್ಕಾಪಾಲಾಗಿ ಓಡುವ ಹುಳ.

ಕೊಟ್ರೇಶ ಮೂಗು ಮುಚ್ಚಿಕೊಂಡ. “ಥೂ, ಇದು ಯಾವಾಗಿನದು?”

“ನೀನು ಬಂದ ವರ್ಷದ್ದು. ಚೆನ್ನಾಗಿ ಕಾಪಾಡಿದ್ದೀಯ.”

ಅವನು ಹುಳ ಹಿಡಿದದ್ದನ್ನೆಲ್ಲ ಗುಡಿಸಿ ಹೊರಗೆ ಚೆಲ್ಲಿದ. ಡ್ರಮ್ಮನ್ನು ಹೊಳೆಗೆ ಹೊತ್ತೊಯ್ದು ಉಜ್ಜಿ ತೊಳೆದ. ತಂದು ಬಿಸಿಲಿಗೆ ಬೋರಲು ಹಾಕಿದ. ಹೊಸ ಮೂಟೆ ಪಕ್ಕದಲ್ಲೇ ಇತ್ತು. ಬಿಚ್ಚಲಿಲ್ಲ.

“ಇನ್ನು ಪೂರಾ ಖಾಲಿಯಾಗದೆ ತುಂಬೋದಿಲ್ಲ ಅವ್ವಾ. ಪಾಠಕ್ಕೆ…”

“ನಾಳೆಯಿಂದ ಬಾ.”

ಇಷ್ಟು ದಿನ ಕಾದಿದ್ದ ಮಾತು. ಆದರೂ ಅವನ ಮುಖ ಅರಳಲಿಲ್ಲ. ತನ್ನ ಮೇಲೆ ತನಗೇ ರೇಗಿತ್ತು.

“ದಿನಾ ಮುಚ್ಚಳ ತೆಗೀತಿದ್ದೆ, ದಿನಾ ಕೈ ಹಾಕ್ತಿದ್ದೆ. ನನಗೆ ಯಾಕೆ ಕಾಣಲಿಲ್ಲ ಅವ್ವಾ?”

ಅವ್ವ ಸೆರಗಿನ ಹುಳ ಕೊಡವಿದರು.

“ತುಂಬಿತ್ತಲ್ಲಪ್ಪ.”