ಗೀಜಗದ ಎರಡು ಗೂಡುಗಳು

ಗಂಡು ಗೀಜಗವೊಂದು ಗೂಡು ನೇಯುವ ಮೊದಲು ಹೆಣ್ಣು ಹಕ್ಕಿಗಳನ್ನೆಲ್ಲ ಕೇಳಿತು: "ನಿಮಗೆ ಎಂಥ ಗೂಡು ಬೇಕು?"

"ದೊಡ್ಡದಾಗಿರಲಿ, ಮೆತ್ತಗಿರಲಿ, ನೀರಿನ ಮೇಲೆ ತೂಗುತ್ತಿರಲಿ" ಎಂದವು ಎಲ್ಲವೂ.

ಗೀಜಗ ಕೆರೆಯ ಮೇಲೆ ಚಾಚಿದ ಜಾಲಿ ರೆಂಬೆಯ ತುದಿಯಲ್ಲಿ ಹಾಗೆಯೇ ನೇಯ್ದಿತು. ಭಾರಕ್ಕೆ ರೆಂಬೆ ಮುರಿದು ಗೂಡು ನೀರಿಗೆ ಬಿತ್ತು. ಮೊಟ್ಟೆಯಿಡುವ ಕಾಲ ಮುಗಿಯುತ್ತ ಬಂದಿತ್ತು.

ಇದನ್ನು ಕಂಡ ಮುದಿ ಮಿಂಚುಳ್ಳಿ ಹೇಳಿತು: "ಏನು ಬೇಕೆಂದು ಕೇಳಿದರೆ ಎಲ್ಲವೂ ಬೇಕೆನ್ನುತ್ತಾರೆ. ಎರಡು ಗೂಡು ಕಟ್ಟು. ಒಂದರಲ್ಲಿರುವುದು ಇನ್ನೊಂದರಲ್ಲಿ ಇರಬಾರದು. ಎಷ್ಟು ಹಕ್ಕಿಗಳು ಯಾವುದನ್ನು ಬಿಡುತ್ತವೆ, ಎಣಿಸು."

ಗೀಜಗ ಬುಡದ ಹತ್ತಿರದ ದಪ್ಪ ಕೊಂಬೆಗೆ ದೊಡ್ಡ, ಮೆತ್ತನೆಯ ಗೂಡನ್ನೂ ನೀರಿನ ಮೇಲಿನ ಇನ್ನೊಂದು ರೆಂಬೆಗೆ ಚಿಕ್ಕ, ಒರಟು ಗೂಡನ್ನೂ ಅರೆಬರೆ ನೇಯ್ದು ಕಾದಿತು. ಹತ್ತು ಹೆಣ್ಣುಗಳು ಒಂದೊಂದಾಗಿ ಬಂದು ನೋಡಿದವು. ಅವುಗಳಲ್ಲಿ ಎಂಟು ಹಕ್ಕಿಗಳು ಚಿಕ್ಕದರಲ್ಲೇ ಕೂತವು. ಗೀಜಗ ಅದನ್ನೇ ಪೂರ್ತಿ ಮಾಡಿತು, ಜೊತೆಯೂ ಸಿಕ್ಕಿತು.

"ಇಷ್ಟು ಚಿಕ್ಕದನ್ನು ಯಾಕೆ ಒಪ್ಪಿದೆ?" ಎಂದು ಅದು ತನ್ನ ಜೊತೆಗಾತಿಯನ್ನು ಕೇಳಿತು.

"ಇಲ್ಲಿಗೆ ಹಾವು ಬರಲಾರದು."

"ಮೊದಲೇ ಹೇಳಬಹುದಿತ್ತಲ್ಲ?"

"ಒಂದನ್ನು ಬಿಡಬೇಕಾಗಿ ಬಂದಾಗಲೇ ಅದು ನನಗೂ ಹೊಳೆದದ್ದು" ಎಂದಿತು ಹೆಣ್ಣು.